ಲಾರಿ ಇಲ್ದಿರೋ ದಾರಿ: ಬ್ರಿಟನಿಯ ಕಾಲುವೆ ದಂಡೆ, ಕೋಲಾರದ ಕೆರೆ ಏರಿ

ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಸೈಕಲ್ ಹೊಡ್ಯೋದನ್ನ ನಾನು ಬಿಟ್ಟಾಯ್ತು. ಬೆಟ್ಟದ ಮೇಲೇನೂ ಸಿಟ್ಟಿಲ್ಲ, 1478 ಮೀಟರ್ ಎತ್ತರ, ಮೇಲಿನ ಆ ಹೇರ್‌ಪಿನ್ ತಿರುವುಗಳು, ಎಲ್ಲಾ ಚೆನ್ನಾಗೇ ಇದೆ, ಆದ್ರೆ ಸೂರ್ಯೋದಯ ನೋಡ್ತೀವಿ ಅಂತ ಬೆಂಗಳೂರಿಂದ ಕತ್ತಲಲ್ಲೇ ಹೊರಟು ಬರೋ ಕಾರು ಬೈಕುಗಳ ಸಾಲಿದ್ಯಲ್ಲ, ಅದರ ಹೊಗೆ ಕುಡ್ಕೊಂಡು ಏರೋ ಬದ್ಲು ಮನೇಲಿ ಇನ್ನೊಂದು ಗಂಟೆ ಮಲಗೋದು ವಾಸಿ. ನಾವು ಕೋಲಾರದೋರು, ನಮಗೆ ಹತ್ರ ಅಂದ್ರೆ ಹೆದ್ದಾರಿ 75, ಅಲ್ಲಿ ಸೈಕಲ್ ತುಳಿಯೋದಂದ್ರೆ ಎಡಗಡೆ ಟೊಮೇಟೊ ಕ್ರೇಟು ತುಂಬಿದ ಕ್ಯಾಂಟರ್, ಬಲಗಡೆ ಜಲ್ಲಿ ಟಿಪ್ಪರ್, ಎದುರಿಂದ ರಾಂಗ್ ಸೈಡಲ್ಲಿ ಬರೋ ಟ್ರ್ಯಾಕ್ಟರ್, ಮಧ್ಯದಲ್ಲಿ ನರಸಾಪುರದ ಶಿಫ್ಟ್ ಬಸ್ಸು. ಮನೇಲಿ ಹೇಳಿ ಹೊರಡೋ ಹಂಗೇ ಇಲ್ಲ.

ಹಂಗಾಗಿ ಕೆಲವು ವರ್ಷದಿಂದ ನಾನು ಮಣ್ಣಿನ ದಾರಿ ಪಾರ್ಟಿ. ಇಂಗ್ಲಿಷ್ ಪೇಪರ್ ಓದೋರು ಇದನ್ನ ಗ್ರಾವೆಲ್ ರೈಡಿಂಗ್ ಅಂತಾರೆ, ಅದಕ್ಕೇ ಅಂತ ಬೇರೆ ಸೈಕಲ್ಲು, ಬೇರೆ ಚಡ್ಡಿ, ಬೇರೆ ಬ್ಯಾಗು ಎಲ್ಲಾ ಮಾರಾಟಕ್ಕಿದೆ, 2022ರಿಂದ ವಿಶ್ವ ಚಾಂಪಿಯನ್‌ಶಿಪ್ ಬೇರೆ ನಡೀತಿದೆ. ಡ್ರಾಪ್ ಹ್ಯಾಂಡಲ್, 40 ಎಂಎಂ ಆಸುಪಾಸಿನ ಟೈರು, ಸ್ವಲ್ಪ ಸಣ್ಣ ಗೇರು, ಅಷ್ಟೇ ವಿಷ್ಯ. ನಮ್ಮಪ್ಪನ ಹಳೇ ಅಟ್ಲಾಸ್ ಸೈಕಲ್ ಟೈರ್ ಮೇಲೆ 28×1½ ಅಂತ ಬರೆದಿರ್ತಿತ್ತು, ಅದು ಅಳತೆ ಮಾಡಿದ್ರೆ ಸರಿಯಾಗಿ 40 ಎಂಎಂ. ಅಂದ್ರೆ ನಮ್ಮ ಊರಿನ ಹಾಲಿನೋರು, ಪೋಸ್ಟ್‌ಮ್ಯಾನು, ಮೇಷ್ಟ್ರು ಎಲ್ರೂ ಐವತ್ತು ವರ್ಷದ ಹಿಂದೇನೇ ಗ್ರಾವೆಲ್ ರೈಡರ್ಸ್, ಬರೀ ಇನ್‌ಸ್ಟಾಗ್ರಾಮ್ ಇರ್ಲಿಲ್ಲ.

ಈಗ ಫ್ರಾನ್ಸ್ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಅಲ್ಲಿ ಸೈಕಲ್ ಹೊಡೆದ ಫೋಟೋನ ನಮ್ಮ ಸೈಕಲ್ ಗ್ಯಾಂಗಿನ ವಾಟ್ಸಾಪಲ್ಲಿ ಹಾಕಿದಾಗಿಂದ ಅದೆಲ್ಲಿ, ದಾರಿ ಹೆಂಗಿದೆ ಅಂತ ಎಲ್ರೂ ಕೇಳ್ತಾನೇ ಇದಾರೆ, ಒಬ್ಬೊಬ್ರಿಗೂ ಟೈಪ್ ಮಾಡಿ ಸಾಕಾಯ್ತು. ನಮ್ಮ ಚಿಕ್ಕಪ್ಪನ ಮಗ ನಾಂತ್ ಅನ್ನೋ ಊರಲ್ಲಿ ಕೆಲಸದಲ್ಲಿದ್ದಾನೆ, ಫ್ರಾನ್ಸ್‌ನ ಪಶ್ಚಿಮಕ್ಕೆ. ಆ ಊರಿಂದ ಬ್ರೆಸ್ಟ್ ಅನ್ನೋ ಬಂದರು ಊರಿನ ಕಡೆಗೆ ಬ್ರಿಟನಿ ಅನ್ನೋ ಪ್ರದೇಶದ ಹೊಟ್ಟೆ ಸೀಳ್ಕೊಂಡು ಒಂದು ಕಾಲುವೆ ಹೋಗುತ್ತೆ, 364 ಕಿಲೋಮೀಟರ್. ಕಾಲುವೆ ಪಕ್ಕದಲ್ಲೇ ದಾರಿ. ಆ ದಾರಿ ಮೇಲೆ ಕಾರಿಲ್ಲ, ಬೈಕಿಲ್ಲ, ಹಾರನ್ ಇಲ್ಲ. "ಅಣ್ಣ, ನೀನ್ ಬಂದು ಒಂದ್ಸಲ ನೋಡು, ಆಮೇಲೆ ನಂದಿ ಬೆಟ್ಟದ ಹೆಸರೇ ಎತ್ತಲ್ಲ" ಅಂತ ಅವನು ಕರೀತಾನೇ ಇದ್ದ, ಕೊನೆಗೆ ರಜ ಕೂಡಿ ಬಂತು, ಹೋದೆ.

ಆ ಕಾಲುವೆ ಕಥೆ ಮೊದ್ಲು ಹೇಳ್ಬೇಕು, ಇಲ್ದಿದ್ರೆ ದಾರಿ ಯಾಕೆ ಹಂಗಿದೆ ಅಂತ ಅರ್ಥ ಆಗಲ್ಲ. ನೆಪೋಲಿಯನ್ ಕಾಲದಲ್ಲಿ ಇಂಗ್ಲಿಷ್ ನೌಕಾಪಡೆ ಸಮುದ್ರದಲ್ಲಿ ಕಾವಲು ಕೂತು ಬ್ರೆಸ್ಟ್ ಬಂದರಿಗೆ ಏನೂ ಹೋಗದಂಗೆ ಮಾಡಿತ್ತು. ಸಮುದ್ರ ಬಿಟ್ಟು ನೆಲದ ಒಳಗಡೆಯಿಂದಲೇ ಸಾಮಾನು ಸಾಗ್ಸೋಣ ಅಂತ ಈ ಕಾಲುವೆ ಯೋಚನೆ. 1811ರಲ್ಲಿ ಅಗೆಯೋಕೆ ಶುರು, ಪೂರ್ತಿ ಮುಗಿದಿದ್ದು 1842ಕ್ಕೆ, ಅಷ್ಟೊತ್ತಿಗೆ ನೆಪೋಲಿಯನ್ನೂ ಇಲ್ಲ, ಆ ಯುದ್ಧನೂ ಇಲ್ಲ. ಗ್ಲೋಮೆಲ್ ಅನ್ನೋ ಕಡೆ ದಿಬ್ಬ ಕಡಿದು ದೊಡ್ಡ ಕಂದಕ ತೋಡಬೇಕಿತ್ತು, ಆ ಕೆಲಸಕ್ಕೆ ಕೈದಿಗಳನ್ನ ಹಾಕಿದ್ರು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಕಲ್ಲಿನ ಹೆಂಚು, ಗೊಬ್ಬರ, ಸೌದೆ ಇಂಥದ್ದೆಲ್ಲ ದೋಣೀಲಿ ಹೋಗ್ತಿತ್ತು. ದೋಣಿಗೆ ಇಂಜಿನ್ ಇಲ್ಲ, ದಂಡೆ ಮೇಲೆ ಕುದುರೆ ನಡ್ಕೊಂಡು ಹಗ್ಗ ಹಿಡಿದು ಎಳೀಬೇಕು, ಕುದುರೆ ಇಲ್ದಿದ್ರೆ ದೋಣಿಯೋನ ಮನೆಯೋರೇ ಎಳೀಬೇಕು. ಆ ಕುದುರೆ ನಡೆದ ದಂಡೆಯೇ ಈಗ ನಾವು ಸೈಕಲ್ ತುಳಿಯೋ ದಾರಿ. ರೈಲು, ಆಮೇಲೆ ಲಾರಿ ಬಂದು ದೋಣಿ ವ್ಯಾಪಾರ ನಿಂತೋಯ್ತು. 1930ರ ಹೊತ್ತಿಗೆ ಗೆರ್ಲೆದಾನ್ ಅನ್ನೋ ಕಡೆ ಕರೆಂಟಿಗೆ ಅಂತ ಡ್ಯಾಮ್ ಕಟ್ಟಿದ್ರು, ಕಾಲುವೆ ಎರಡು ತುಂಡಾಯ್ತು, ದೋಣಿ ಏರಿಸಿ ಇಳಿಸೋ ಲಾಕ್‌ಗಳು ಕೆಲವು ಇವತ್ತಿಗೂ ಆ ಡ್ಯಾಮಿನ ನೀರಲ್ಲೇ ಮುಳುಗಿವೆ.

ದಾರಿ ಹೆಂಗಿದೆ ಅಂದ್ರೆ, ಡಾಂಬರ್ ಅಲ್ಲ, ಮರಳು ಮತ್ತೆ ಸಣ್ಣ ಕಲ್ಲಿನ ಪುಡಿ ಹಾಕಿ ರೋಲರ್ ಹೊಡೆದು ಗಟ್ಟಿ ಮಾಡಿರೋದು. ಒಣಗಿದ್ದಾಗ ಟೈರಿನ ಕೆಳಗೆ ಸಣ್ಣಗೆ ಸರಸರ ಸದ್ದು ಬಿಟ್ರೆ ಬೇರೇನೂ ಇಲ್ಲ. ಮಳೆ ಬಂದ್ರೆ ಮಾತ್ರ ಆ ಕಲ್ಲಿನ ಪುಡಿ ಗಂಜಿ ಆಗಿ ಚೈನಿಗೆ, ಬ್ರೇಕಿಗೆ ಎಲ್ಲಾ ಮೆತ್ಕೊಂಡು ಕರಕರ ಅಂತ ಅರೀತಾ ಇರುತ್ತೆ, ಸಂಜೆ ಸೈಕಲ್ ತೊಳೀದೆ ಮಲಗಿದ್ರೆ ಬೆಳಿಗ್ಗೆ ಚೈನ್ ಬಿಗಿದಿರುತ್ತೆ. ಬ್ರಿಟನೀಲಿ ಮಳೆ ಅಂದ್ರೆ ನಮ್ಮ ಹಂಗೆ ಗುಡುಗಿ ಸಿಡಿಲು ಹೊಡೆದು ಬರೋದಲ್ಲ, ಹೇಳ್ದೇ ಕೇಳ್ದೇ ಜಿನುಗುತ್ತೆ, ನಿಲ್ಲುತ್ತೆ, ಮತ್ತೆ ಜಿನುಗುತ್ತೆ.

ಲಾಕ್ ಅಂದ್ನಲ್ಲ, ಅದನ್ನ ನಿಂತು ನೋಡ್ಬೇಕು. ನೀರು ಮಟ್ಟವಾಗಿ ನಿಲ್ಲೋಕೆ ದಿಬ್ಬ ಬಂದ ಕಡೆಯೆಲ್ಲ ಕಾಲುವೆನ ಮೆಟ್ಟಿಲು ಮೆಟ್ಟಿಲು ಮಾಡಿದ್ದಾರೆ, ಒಂದೊಂದು ಮೆಟ್ಟಿಲಿಗೆ ಎರಡು ಜೊತೆ ಮರದ ಗೇಟು, ಮಧ್ಯದಲ್ಲಿ ಕಲ್ಲು ಕಟ್ಟಡದ ತೊಟ್ಟಿ. ದೋಣಿ ತೊಟ್ಟಿ ಒಳಗೆ ಬಂದ ಮೇಲೆ ಹಿಂದಿನ ಗೇಟು ಹಾಕಿ ಮುಂದಿನ ಗೇಟಿನ ಅಡಿ ಕಿಂಡಿ ತೆಗೀತಾರೆ, ನೀರು ತುಂಬ್ತಾ ತುಂಬ್ತಾ ದೋಣಿ ಮೇಲೆ ಏರುತ್ತೆ, ಮಟ್ಟ ಸರಿ ಹೋದ ಮೇಲೆ ಗೇಟು ತಳ್ಳಿದ್ರೆ ತೆಕ್ಕೊಳುತ್ತೆ. ಇಡೀ ಕಾಲುವೇಲಿ ಇಂಥವು ಇನ್ನೂರಕ್ಕೂ ಹೆಚ್ಚು. ಒಂದು ಕಡೆ ಲಾಕ್ ನೋಡ್ಕೊಳ್ಳೋ ಹುಡುಗಿ, ಇಪ್ಪತ್ತೋ ಇಪ್ಪತ್ತೆರಡೋ ಇರ್ಬೇಕು, ಕಬ್ಬಿಣದ ಹ್ಯಾಂಡಲ್ ಹಿಡಿದು ಸುತ್ತಿ ಸುತ್ತಿ ಕಿಂಡಿ ಎತ್ತಿದ್ಳು, ಆಮೇಲೆ ಗೇಟಿನ ಉದ್ದನೆ ತೊಲೆಗೆ ಬೆನ್ನು ಕೊಟ್ಟು, ಹಿಮ್ಮಡಿ ಊರಿ, ಹಿಂದಕ್ಕೆ ನಡ್ಕೊಂಡೇ ತಳ್ಳಿದ್ಳು. ಕಾಲು ಜಾರದೇ ಇರ್ಲಿ ಅಂತ ನೆಲದಲ್ಲಿ ಅರ್ಧ ವೃತ್ತದಲ್ಲಿ ಕಲ್ಲಿನ ಪಟ್ಟಿಗಳು ಎದ್ದಿರ್ತವೆ, ಎಷ್ಟೋ ತಲೆಮಾರು ಅದೇ ಜಾಗದಲ್ಲಿ ಕಾಲೂರಿ ಆ ಪಟ್ಟಿ ಮಧ್ಯ ಮಧ್ಯ ಸವೆದಿದೆ. ದೋಣೀಲಿದ್ದ ಅಜ್ಜ ಅಜ್ಜಿಗೆ ಏನೂ ಅವಸರ ಇರ್ಲಿಲ್ಲ, ಕಾಫಿ ಕುಡೀತಾ ಕೂತಿದ್ರು. ನಮಗೂ ಇರ್ಲಿಲ್ಲ.

ಸೈಕಲ್‌ನೋರಿಗೆ ಇದರಲ್ಲಿ ಏನು ಲಾಭ ಅಂದ್ರೆ, ಏರೆಲ್ಲ ಲಾಕ್ ಹತ್ರನೇ. ಉಳಿದಿದ್ದು ಪೂರ್ತಿ ಮಟ್ಟ. ಕಿಲೋಮೀಟರ್‌ಗಟ್ಲೆ ಮಟ್ಟ, ಆಮೇಲೆ ಲಾಕ್ ಪಕ್ಕ ನಾಲ್ಕು ಪೆಡಲ್ ಜೋರಾಗಿ ತುಳಿಯೋಷ್ಟು ಒಂದು ಚಿಕ್ಕ ಏರು, ಅಲ್ಲೊಂದು ಕಲ್ಲಿನ ಮನೆ, ಮನೆ ಮುಂದೆ ಹೂವಿನ ಗಿಡ, ಗೋಡೆ ಮೇಲೆ ಲಾಕ್ ನಂಬರು ಮತ್ತೆ ಹೆಸರು, ಮತ್ತೆ ಮಟ್ಟ. ರೋಹಾನ್‌ನಿಂದ ಪೊಂಟಿವಿ ಕಡೆ ಸುಮಾರು 25 ಕಿಲೋಮೀಟರ್‌ನಲ್ಲಿ 50ಕ್ಕೂ ಹೆಚ್ಚು ಲಾಕ್ ಬರ್ತವೆ, ಅಲ್ಲಿ ಮಾತ್ರ ಏರು ಮುಗೀತು ಅನ್ನೋಷ್ಟ್ರಲ್ಲಿ ಇನ್ನೊಂದು. ಜೊಸ್ಲಾನ್ ಅನ್ನೋ ಊರಲ್ಲಿ ನೀರಿನ ಅಂಚಿಗೇ ಕೋಟೆ ಎದ್ದು ನಿಂತಿದೆ, ಎಲ್ರೂ ಫೋಟೋ ತೆಗೆಯೋ ಜಾಗ ಅದು, ನಾವೂ ತೆಗೆದ್ವಿ, ಅದರ ಬಗ್ಗೆ ಇನ್ನೇನೂ ಹೇಳೋದಿಲ್ಲ, ಗೂಗಲ್ ಮಾಡಿ.

ಎದುರಿಗೆ ಬರೋರೆಲ್ಲ "ಬೊಂಜುರ್" ಅಂತಾರೆ. ಮೀನು ಹಿಡಿಯೋರು, ನಾಯಿ ಹಿಡ್ಕೊಂಡೋರು, ಓಡೋರು, ಎಲ್ರೂ. ನೀವು ಹೇಳ್ದಿದ್ರೆ ಒರಟ ಅಂದ್ಕೊತಾರೆ. ಊರು ದಾಟುವಾಗ ರಸ್ತೆ ಮೇಲೆ ಸ್ವಲ್ಪ ದೂರ ಹೋಗ್ಬೇಕಾದ ಕಡೆ ಕಾರಿನೋರು ಹಿಂದೆ ನಿಧಾನ ಮಾಡಿ ಕಾಯ್ತಾರೆ. ಊರೊಳಗೆ ಸೈಕಲ್‌ಗೆ ಒಂದು ಮೀಟರ್, ಊರಾಚೆ ಒಂದೂವರೆ ಮೀಟರ್ ಜಾಗ ಬಿಟ್ಟೇ ಓವರ್‌ಟೇಕ್ ಮಾಡ್ಬೇಕು ಅಂತ ಅಲ್ಲಿ ನಿಯಮ. ನನಗಂತೂ ಮೊದಮೊದ್ಲು ಹಿಂದೆ ಕಾರು ಸುಮ್ನೆ ಬರ್ತಿದ್ರೆ ಭಯ ಆಗ್ತಿತ್ತು, ಹಾರನ್ ಹೊಡೀದೇ ಇರೋನು ಏನೋ ಪ್ಲಾನ್ ಮಾಡ್ತಿದ್ದಾನೆ ಅಂತ.

ಊಟದ್ದು ಮಾತ್ರ ಕಷ್ಟ. ಹನ್ನೆರಡರಿಂದ ಎರಡು ಗಂಟೆವರೆಗೂ ಹಳ್ಳಿ ಅಂಗಡಿ ಬಾಗಿಲು ಹಾಕಿರ್ತಾರೆ, ಭಾನುವಾರ ಮಧ್ಯಾಹ್ನ ಆದ್ಮೇಲೆ ಊರಿಗೆ ಊರೇ ಬಂದ್, ಸೋಮವಾರ ಎಷ್ಟೋ ಬೇಕರಿ ತೆಗೆಯೋದೇ ಇಲ್ಲ. ನಮ್ಮಲ್ಲಿ ಹೆಂಗೂ ರಾತ್ರಿ ಹತ್ತಕ್ಕೂ ಒಂದು ಚಿತ್ರಾನ್ನದ ಗಾಡಿ ಸಿಗುತ್ತೆ ಅನ್ನೋ ಧೈರ್ಯ ಅಲ್ಲಿ ನಡೆಯಲ್ಲ, ಬ್ಯಾಗಲ್ಲಿ ಬ್ರೆಡ್ಡು ಬಾಳೆಹಣ್ಣು ಇಟ್ಕೊಂಡೇ ಹೊರಡ್ಬೇಕು. ಆದ್ರೆ ಬ್ರಿಟನೀಲಿ ಒಂದು ಸಮಾಧಾನ ಇದೆ, ಗ್ಯಾಲೆಟ್. ಬಕ್‌ವೀಟ್ ಹಿಟ್ಟನ್ನ ಕಾದ ಕಬ್ಬಿಣದ ಹಂಚಿನ ಮೇಲೆ ತೆಳ್ಳಗೆ ಎಳೆದು ಮಾಡೋದು, ಕಪ್ಪು ಕಂದು ಬಣ್ಣ, ಅಂಚು ಗರಿಗರಿ, ಥೇಟ್ ನಮ್ಮ ರಾಗಿ ದೋಸೆ. ಮಾಮೂಲಿ ಕೊಡೋದರಲ್ಲಿ ಹ್ಯಾಮು, ಮೊಟ್ಟೆ, ಚೀಸು ಮೂರೂ ಇರುತ್ತೆ, ಹ್ಯಾಮ್ ಬೇಡ ಅಂತ ಮೊದ್ಲೇ ಹೇಳ್ಬೇಕು. ಚಟ್ನಿ ಒಂದಿದ್ದಿದ್ರೆ ನಾನು ವಾಪಸ್ ಬರ್ತಾನೇ ಇರ್ಲಿಲ್ಲ.

ನೀರಿನ ವಿಷ್ಯ ಇನ್ನೂ ಮಜಾ. ಬಾಟ್ಲಿ ಖಾಲಿ ಆಯ್ತು, ಅಂಗಡಿ ಇಲ್ಲ ಅಂದೆ. "ಅಣ್ಣ, ಚರ್ಚ್ ಗೋಪುರ ಕಾಣುತ್ತಲ್ಲ, ಅದರ ಹತ್ರ ಸ್ಮಶಾನ ಇರುತ್ತೆ, ಅಲ್ಲಿ ನಲ್ಲಿ ಇರುತ್ತೆ, ಹಿಡ್ಕೊಳ್ಳೋಣ" ಅಂದ ಚಿಕ್ಕಪ್ಪನ ಮಗ. ತಮಾಷೆ ಅಂದ್ಕೊಂಡೆ. ಗೋರಿ ಮೇಲಿನ ಹೂವಿಗೆ ನೀರು ಹಾಕೋಕೆ ಅಂತ ಹಳ್ಳಿ ಸ್ಮಶಾನದಲ್ಲೆಲ್ಲ ನಲ್ಲಿ ಇಟ್ಟಿರ್ತಾರೆ, ಫ್ರಾನ್ಸ್‌ನಲ್ಲಿ ಲಾಂಗ್ ರೈಡ್ ಮಾಡೋ ಎಲ್ರಿಗೂ ಗೊತ್ತಿರೋ ಉಪಾಯ ಇದು, ಕುಡಿಯೋ ನೀರಲ್ಲ ಅಂತ ಬೋರ್ಡ್ ಹಾಕಿದ್ರೆ ಮಾತ್ರ ಬಿಡ್ಬೇಕು. ಸಂಜೆ ಫೋನಲ್ಲಿ ಅಮ್ಮಂಗೆ ಹೇಳ್ದೆ. "ಸ್ಮಶಾನದ ನೀರು ಕುಡಿದ್ಯೇನೋ? ಮೊದ್ಲು ತಲೆ ಮೇಲೆ ನೀರು ಹಾಕ್ಕೋ, ಆಮೇಲೆ ಮಾತಾಡು" ಅಂತ ಕಟ್ ಮಾಡಿದ್ರು.

ಕಾಲುವೆ ಒಂದೇ ಅಲ್ಲ. ಫ್ರಾನ್ಸ್‌ನಲ್ಲಿ ಹಳೇ ರೈಲು ದಾರಿಗಳನ್ನೂ ಹಿಂಗೇ ಮಾಡಿದ್ದಾರೆ, ವುವಾ ವೆರ್ಟ್ ಅಂತಾರೆ, ಹಸಿರು ದಾರಿ. 1879ರ ಸುಮಾರಿಗೆ ಫ್ರೆಸಿನೆ ಅನ್ನೋ ಮಂತ್ರಿ ಸಣ್ಣ ಸಣ್ಣ ಊರಿಗೂ ರೈಲು ತರೋ ಯೋಜನೆ ಹಾಕಿದ್ದ, ಮೂಲೆ ಮೂಲೆಗೆ ಹಳಿ ಬಂತು, ಆಮೇಲೆ ಬಸ್ಸು ಕಾರು ಬಂದು ಎಷ್ಟೋ ಲೈನು ಮುಚ್ಚೋಯ್ತು. ಹಳಿ ಕಿತ್ತ ಆ ದಾರೀಲಿ ಮೊದಲ ಹಸಿರು ದಾರಿ ಶುರುವಾಗಿದ್ದು 1997ರಲ್ಲಿ, ಬರ್ಗಂಡಿಯ ಜಿವ್ರಿಯಿಂದ ಕ್ಲುನಿಗೆ, 44 ಕಿಲೋಮೀಟರ್. ಅದನ್ನ ಮ್ಯಾಕೋನ್ ಕಡೆಗೆ ಮುಂದುವರಿಸಿದಾಗ ಮಧ್ಯೆ ಒಂದೂವರೆ ಕಿಲೋಮೀಟರ್‌ಗಿಂತ ಉದ್ದದ ಹಳೇ ರೈಲು ಸುರಂಗ ಸಿಕ್ಕಿತು, ಬಾವಲಿಗಳು ಚಳಿಗಾಲ ಕಳೆಯೋಕೆ ಅದರಲ್ಲಿ ಮಲಗ್ತವೆ ಅಂತ ಚಳಿಗಾಲದಲ್ಲಿ ಸುರಂಗ ಮುಚ್ತಾರೆ, ಸೈಕಲ್‌ನೋರು ಸುತ್ತು ಹಾಕ್ಕೊಂಡು ಹೋಗ್ಬೇಕು. 2004ರಲ್ಲಿ ವುವಾ ವೆರ್ಟ್ ಅಂದ್ರೆ ಮೋಟಾರ್ ಗಾಡಿ ಬರೋ ಹಂಗಿಲ್ಲ ಅಂತ ರಸ್ತೆ ನಿಯಮದ ಪುಸ್ತಕಕ್ಕೇ ಸೇರಿಸಿದ್ರು. ಈಗ ದೊಡ್ಡ ಟೂರಿನೋರಿಗೂ ಮಣ್ಣಿನ ರುಚಿ ಹತ್ತಿದೆ, 2024ರ ಟೂರ್ ಡಿ ಫ್ರಾನ್ಸ್‌ನ ಒಂಬತ್ತನೇ ಸ್ಟೇಜ್‌ನಲ್ಲಿ ಟ್ರ್ವಾ ಊರಿನ ಸುತ್ತ 14 ತುಂಡು ಬಿಳಿ ಮಣ್ಣಿನ ದಾರಿ, ಒಟ್ಟು 32 ಕಿಲೋಮೀಟರ್, ಟಿವೀಲಿ ಬರೀ ಧೂಳೇ ಕಾಣ್ತಿತ್ತು. ಗೆದ್ದೋನು ಆಂಟನಿ ಟ್ಯುರ್ಗಿಸ್, ಫ್ರಾನ್ಸ್‌ನೋನೇ.

ಇಷ್ಟೆಲ್ಲ ಹೇಳಿದ್ಮೇಲೆ ನಮ್ಮ ಸೈಕಲ್ ಗ್ಯಾಂಗಿನೋರು ಹೇಳಿದ್ದು ಒಂದೇ ಮಾತು, "ಬಿಡು ಗುರು, ಅವರತ್ರ ದುಡ್ಡಿದೆ." ಇದನ್ನ ನಾನು ಒಪ್ಪಲ್ಲ. ಕಾಲುವೆ ದಂಡೇಲಿ ತುಳೀತಾ ತುಳೀತಾ ನನಗೆ ಹೊಳೆದಿದ್ದು ಏನಂದ್ರೆ ಆ ದಾರಿಗೆ ಅವರು ಸುರಿದಿರೋದು ಕಲ್ಲಿನ ಪುಡಿ, ಅದೇನ್ ಮಹಾ, ನಮ್ಮ ಟೇಕಲ್, ಮಾಲೂರು ಕಡೆ ಕ್ರಷರಿನೋರ ಹತ್ರ ಬೆಟ್ಟದಷ್ಟು ಬಿದ್ದಿದೆ. ವ್ಯತ್ಯಾಸ ಇರೋದು ದಾರಿ ಯಾರದು ಅನ್ನೋದ್ರಲ್ಲಿ. ಅಲ್ಲಿ ಹೊಲದ ಮಧ್ಯೆ ಹೋಗೋ ಹಳೇ ದಾರಿಗಳಿಗೆ ಶಮನ್ ರುರಾಲ್ ಅಂತಾರೆ, ಅವು ಆ ಊರಿನ ಪಂಚಾಯ್ತಿ ಆಸ್ತಿ, ಜನರ ಓಡಾಟಕ್ಕೆ ಬಿಟ್ಟಿರೋದು, ಓಡಾಟ ನಿಂತಿದೆ ಅಂತ ಸಾರ್ವಜನಿಕ ವಿಚಾರಣೆ ಆಗದೇ ಮಾರೋ ಹಂಗಿಲ್ಲ. 1983ರ ಒಂದು ಕಾನೂನು ಬಂದ್ಮೇಲೆ ಜಿಲ್ಲೆಗಳು ನಡಿಗೆ ದಾರಿಗಳ ಪಟ್ಟಿ ಮಾಡಿದ್ವು, ಪಟ್ಟೀಲಿರೋ ದಾರಿ ಮುಚ್ಚಬೇಕಂದ್ರೆ ಬದಲಿ ದಾರಿ ಕೊಡ್ಬೇಕು. ಅವರೇನು ದೇವರಲ್ಲ ಬಿಡಿ, ಎರಡನೇ ಮಹಾಯುದ್ಧ ಆದ್ಮೇಲೆ ಚೂರು ಚೂರು ಹೊಲಗಳನ್ನ ಸೇರಿಸಿ ದೊಡ್ಡದು ಮಾಡ್ತೀವಿ ಅಂತ ಬ್ರಿಟನೀಲೇ ಬೇಲಿ ಸಾಲು, ಬದು, ಹಳೇ ದಾರಿ ಎಲ್ಲಾ ಬುಲ್ಡೋಜರ್ ಇಟ್ಟು ಕೆಡವಿದ್ರು. ಕಳ್ಕೊಂಡ ಮೇಲೆ ಬುದ್ಧಿ ಬಂದಿದ್ದು.

ನಮ್ಮಲ್ಲಿ ಕಾನೂನು ಇಲ್ವಾ? ಇದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಸೆಕ್ಷನ್ ತೆಗೆದು ನೋಡಿ, ಸಾರ್ವಜನಿಕ ರಸ್ತೆ, ಓಣಿ, ದಾರಿ ಎಲ್ಲಾ ಸರ್ಕಾರದ್ದು ಅಂತ ಇದೆ. ನಕಾಶೆ ಇದೆ. ಊರೂರಿನ ಸರ್ವೆ ನಕಾಶೆ ಆನ್‌ಲೈನ್‌ನಲ್ಲೇ ಸಿಗುತ್ತೆ, ಅದರಲ್ಲಿ ಒಂಟಿ ಚುಕ್ಕೆ ಗೆರೆ ಇದ್ರೆ ಕಾಲುದಾರಿ, ಜೋಡಿ ಚುಕ್ಕೆ ಗೆರೆ ಇದ್ರೆ ಬಂಡಿದಾರಿ. ಊರಿನೋರು ನಕಾಶೆ ದಾರಿ ಅನ್ನೋದು ಇದಕ್ಕೇ. ನಾನು ರೂಟ್ ಮಾಡೋದು ಹಿಂಗೆ: ಒಂದು ಕಡೆ ನಕಾಶೆ, ಇನ್ನೊಂದು ಕಡೆ ಸ್ಯಾಟಲೈಟ್ ಫೋಟೋ, ಜೋಡಿ ಚುಕ್ಕೆ ಇರೋ ಕಡೆ ಫೋಟೋದಲ್ಲಿ ಬಿಳೀ ಗೆರೆ ಕಂಡ್ರೆ ದಾರಿ ಬದುಕಿದೆ ಅಂತ. ಹೊಲದ ಮಧ್ಯೆ ನಿಂತಾಗ ಡೌಟ್ ಬಂದ್ರೆ ಸರ್ಕಾರದ್ದೇ ದಿಶಾಂಕ್ ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರ್ಸುತ್ತೆ. ಲಕ್ಷ ಲಕ್ಷದ ಸೈಕಲ್ ಇಟ್ಕೊಂಡೋರು ವಿದೇಶಿ ಆ್ಯಪಿಗೆ ತಿಂಗಳು ತಿಂಗಳು ದುಡ್ಡು ಕಟ್ತಾರೆ, ಅದರಲ್ಲಿ ನಮ್ಮ ಬಂಡಿದಾರಿ ಅರ್ಧಕ್ಕರ್ಧ ಇರೋದೇ ಇಲ್ಲ.

ಇನ್ನು ರೈಲು. ನಮ್ಮಲ್ಲೂ ಒಂದು ಪುಟ್ಟ ಲೈನ್ ಇತ್ತು, 1913ರಲ್ಲಿ ಬೌರಿಂಗ್‌ಪೇಟೆ ಅಂದ್ರೆ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ ಶುರುವಾದ ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್, ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಮೇಲೆ ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ. ಫ್ರಾನ್ಸ್‌ನಲ್ಲಾಗಿದ್ರೆ ಅದು ಇಷ್ಟೊತ್ತಿಗೆ ಸೈಕಲ್ ದಾರಿ ಆಗಿರೋದು ಅಂತ ನನ್ನ ಫ್ರೆಂಡ್ ಒಬ್ಬ ಬೇಜಾರು ಮಾಡ್ಕೊತಾನೆ, ನನಗೆ ಬೇಜಾರಿಲ್ಲ, 2013ರಲ್ಲಿ ಕೋಲಾರ ಚಿಕ್ಕಬಳ್ಳಾಪುರ ಮಧ್ಯೆ ಬ್ರಾಡ್ ಗೇಜ್ ಆಗಿ ರೈಲು ಓಡ್ತಿದೆ, ಜನಕ್ಕೆ ಬೇಕಾಗಿದ್ದು ರೈಲು. ನಮಗೆ ಸೈಕಲ್‌ಗೆ ಬೇರೆ ದಾರಿ ಇದೆ.

ಅದು ಕೆರೆ ಏರಿ. ನದಿ ಅಂತ ಹೇಳ್ಕೊಳ್ಳೋಕೆ ಹೆಚ್ಚೇನೂ ಇಲ್ದಿರೋ ನಮ್ಮ ಜಿಲ್ಲೇಲಿ ಸಾವಿರಾರು ಕೆರೆ ಇದಾವೆ, ಒಂದೊಂದೂ ಒಂಟಿ ಅಲ್ಲ, ಸರಪಣಿ. ಮೇಲಿನ ಕೆರೆ ತುಂಬಿದ್ರೆ ಕೋಡಿ ಹರಿದು ಕಾಲುವೆ ಹಿಡ್ಕೊಂಡು ಕೆಳಗಿನ ಕೆರೆಗೆ, ಅದು ತುಂಬಿದ್ರೆ ಅದರ ಕೆಳಗಿಂದಕ್ಕೆ. ಸೈಕಲ್ ತುಳಿಯೋನಿಗೆ ಇದರಲ್ಲಿ ಒಂದು ಗುಟ್ಟಿದೆ: ನೀರು ಹೋಗೋ ದಾರೀಲಿ ಕಡಿದಾದ ಏರು ಇರಲ್ಲ. ಬ್ರಿಟನೀಲಿ ಕಾಲುವೆ ಪಕ್ಕ ಮಂಡಿ ನೋಯ್ದೇ ಇದ್ದಿದ್ದೂ ಇದಕ್ಕೇ. ಒಂದು ಕೆರೆ ಕೋಡಿಯಿಂದ ಹೊರಟು ಕಾಲುವೆ ಪಕ್ಕದ ಬಂಡಿದಾರಿ ಹಿಡಿದು ಮುಂದಿನ ಏರಿ ಹತ್ತಿ, ಏರಿ ಉದ್ದಕ್ಕೂ ತೂಬಿನ ಕಲ್ಲು ದಾಟ್ಕೊಂಡು ಆ ಕಡೆ ಕೋಡಿಗೆ ಇಳಿದ್ರೆ ಇಡೀ ಬೆಳಿಗ್ಗೆ ಡಾಂಬರ್ ಮುಟ್ಟದೇ ಕಳೀಬಹುದು. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಲ್ಲಿ ಗದ್ದೆ, ಹಿಪ್ಪುನೇರಳೆ, ಟೊಮೇಟೊ ಕಡ್ಡಿ ಸಾಲು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಿಂದ ಈ ಸರಪಣಿಯಲ್ಲಿ ಎಷ್ಟೋ ಕೆರೆ ಬೇಸಿಗೇಲೂ ತುಂಬಿರ್ತವೆ. ಬೆಂಗಳೂರಿನ ಕೊಳಚೆ ಶುದ್ಧ ಮಾಡಿದ ನೀರು ಅದು, ಅದರ ಬಗ್ಗೆ ಊರೂರಲ್ಲಿ ಜಗಳ ಇದೆ, ಆ ಜಗಳ ಇಲ್ಲಿ ಬೇಡ, ಕೊಕ್ಕರೆಗಳು ಮಾತ್ರ ಬಂದಿವೆ. ಕೆಜಿಎಫ್ ಗಣಿಗೆ ನೀರು ಕೊಟ್ಟ ಬೇತಮಂಗಲ ಕೆರೆ ಕಡೆಗೂ ಒಂದ್ಸಲ ಹೋಗಿ ಬನ್ನಿ. ಅಲ್ಲಿಂದ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಪುಡಿ ಸುರಿದಿರೋ ಸೈನೈಡ್ ದಿಬ್ಬಕ್ಕೆ ಹೋಗಿ ಸೈಕಲ್ ಎತ್ತಿ ಹಿಡಿದು ಫೋಟೋ ತೆಗೆಸ್ಕೊಳ್ಳೋ ಚಟ ಇರೋರಿಗೆ ಹೇಳೋದು, ಆ ಧೂಳು ಮೂಗಿಗೆ ಒಳ್ಳೇದಲ್ಲ, ಅದು ಗ್ರಾವೆಲ್ ಅಲ್ಲ.

ಏರಿ ಮೇಲೆ ಹೋಗುವಾಗ ದನ ಬರುತ್ತೆ, ನಿಂತು ದಾರಿ ಬಿಡಿ. ಆಂಧ್ರ ಗಡಿ ಕಡೆ ಹಳ್ಳೀಲಿ "ಯಾಡಿಕಿ ಪೋತಾವಪ್ಪಾ", ಎಲ್ಲಿಗೆ ಹೋಗ್ತೀಯಪ್ಪ ಅಂತ ತೆಲುಗಲ್ಲೇ ಕೇಳ್ತಾರೆ, ಸುಮ್ನೆ ಸೈಕಲ್ ಹೊಡಿಯೋಕೆ ಬಂದಿದೀನಿ ಅಂದ್ರೆ ನಂಬಲ್ಲ, ಜಮೀನು ನೋಡೋಕೆ ಬಂದಿರೋ ಬ್ರೋಕರ್ ಅಂತನೇ ಅಂದ್ಕೊತಾರೆ. ಸುಗ್ಗಿ ಟೈಮಲ್ಲಿ ದಾರಿ ಮೇಲೆ ರಾಗಿ, ಹುರುಳಿ ಹರಡಿರ್ತಾರೆ, ಕಾರು ಲಾರಿ ಅದರ ಮೇಲೆ ಹೋಗ್ಲಿ ಅಂತಾನೇ ಹಾಕಿರೋದು, ಆದ್ರೆ ಸೈಕಲ್ ಹೋದ್ರೆ ಬರೀ ಕಾಳು ಚೆಲ್ಲುತ್ತೆ, ಇಳಿದು ಪಕ್ಕದಲ್ಲಿ ತಳ್ಕೊಂಡು ಹೋಗಿ. ಬಂಗಾರಪೇಟೆ ಆಚೆ ಕಾಮಸಮುದ್ರ ಕಡೆ ಆನೆ ಓಡಾಡ್ತವೆ, ಅಲ್ಲಿ ಊರಿನೋರನ್ನ ಕೇಳ್ದೆ ಬೆಳಕು ಹರಿಯೋ ಮುಂಚೆ ಹೊರಡೋದು ಬೇಡ.

ಈಗ ಬೇಸರದ ವಿಷ್ಯ. ನಾನು ಯಾವಾಗ್ಲೂ ಹೋಗ್ತಿದ್ದ ಒಂದು ಬಂಡಿದಾರಿ, ಎರಡು ಕೆರೆ ಮಧ್ಯೆ, ಹುಣಸೆ ಮರದ ಸಾಲಲ್ಲಿ, ಹೋದ ಮಳೆಗಾಲ ಆದ್ಮೇಲೆ ಹೋಗಿ ನೋಡಿದ್ರೆ ಅಡ್ಡಕ್ಕೆ ಕಲ್ಲುಕೂಚ ನೆಟ್ಟು ನಾಲ್ಕು ಸಾಲು ತಂತಿ ಬಿಗಿದಿದೆ. ಆ ಕಡೆ ಲೇಔಟ್, ಬಣ್ಣ ಬಣ್ಣದ ಬಾವುಟ, ಅರ್ಧ ಎದ್ದ ಕಮಾನು. ಪಕ್ಕದಲ್ಲಿ ಕುರಿ ಮೇಯಿಸ್ತಿದ್ದ ತಾತ ಒಬ್ರು ಬಂದ್ರು.

"ಇಂಗೆ ಓಗಂಗಿಲ್ಲ ಕಣಪ್ಪ, ಬಂದ್ ಮಾಡವ್ರೆ."

"ಇದು ಬಂಡಿದಾರಿ ಅಲ್ವಾ ತಾತ?"

"ಬಂಡಿದಾರಿನೇಯ. ನಮ್ಮಪ್ಪ ಇದ್ರಾಗೇ ಸಂತೆಗೆ ಬಂಡಿ ಹೊಡ್ಕೊಂಡು ಹೋಯ್ತಿದ್ದ. ಈಗ ಯಾರತ್ರ ಬಂಡಿ ಐತೆ ಹೇಳು. ಕೇಳೋರಿಲ್ಲ, ನೆಟ್ಟವ್ರೆ."

ಫೋನ್ ತೆಗೆದು ನಕಾಶೆ ತೋರ್ಸಿದೆ. ಎರಡು ಸರ್ವೆ ನಂಬರ್ ಮಧ್ಯೆ ಜೋಡಿ ಚುಕ್ಕೆ ಸರಿಯಾಗಿ ಆ ಕೂಚದ ಮೇಲೇ ಹೋಗುತ್ತೆ. ತಾತ ಸ್ಕ್ರೀನ್ ಹತ್ರಕ್ಕೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಬೆರಳಿಂದ ಆ ಗೆರೆ ಹಿಡ್ಕೊಂಡು ಹೋದ್ರು, ಬೆರಳು ತಾಗಿ ಮ್ಯಾಪ್ ಜಾರಿ ಎಲ್ಲೋ ತಮಿಳುನಾಡಿಗೆ ಹೋಯ್ತು, ವಾಪಸ್ ತಂದು ಕೊಟ್ಟೆ. "ಇದು ಕೋಡಿ, ಇದು ನಮ್ಮ ಹೊಲ, ಇದು ಮುನೇಶ್ವರನ ಗುಡಿ" ಅಂತ ಹೇಳ್ತಾ ಹೇಳ್ತಾ ಆ ಗೆರೆ ಮೇಲೇ ಮುಂದಿನ ಊರಿನವರೆಗೂ ಹೋದ್ರು. ಆಮೇಲೆ ಕೇಳಿದ್ರು, "ಇದ್ನ ಕಾಗ್ದದ್ ಮ್ಯಾಲೆ ತೆಗೆಸ್ಕೊಡಕ್ಕಾಯ್ತದ?"

ತೆಗೆಸ್ಕೊಟ್ಟೆ. ತಾತನ ಮಗ, ಇನ್ನೂ ಕೆಲವು ರೈತರು ಸೇರಿ ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದಾರೆ, ಸರ್ವೆಯೋರು ಬಂದು ಅಳೀಬೇಕು ಅಂತ ಕಾಯ್ತಿದ್ದಾರೆ. ಅವರಿಗೆ ಸೈಕಲ್ ದಾರಿ ಬೇಕಾಗಿಲ್ಲ, ಟ್ರ್ಯಾಕ್ಟರ್ ಹೊಲಕ್ಕೆ ಹೋಗ್ಬೇಕು, ಟೊಮೇಟೊ ಈಚೆ ಬರ್ಬೇಕು. ನರೇಗಾದಲ್ಲಿ ನಮ್ಮ ಹೊಲ ನಮ್ಮ ದಾರಿ ಅಂತ ಎಷ್ಟೋ ಊರಲ್ಲಿ ಇಂಥ ದಾರಿಗೆ ಮಣ್ಣು ಹಾಕಿ ಸರಿ ಮಾಡಿದ್ದಾರೆ, ಅಂಥ ಕಡೆ ಒತ್ತುವರಿ ಮಾಡೋಕೆ ಯಾರೂ ಅಷ್ಟು ಸುಲಭಕ್ಕೆ ಕೈ ಹಾಕಲ್ಲ, ಯಾಕಂದ್ರೆ ದಿನಾ ಓಡಾಟ ಇರುತ್ತೆ. ಮುಚ್ಚೋದು ಯಾವಾಗ್ಲೂ ಓಡಾಟ ನಿಂತ ದಾರಿನೇ. ಆದ್ರಿಂದ ಗ್ಯಾಂಗಿನೋರಿಗೆ ನಾನು ಹೇಳೋದು ಇಷ್ಟೇ, ಪ್ರತಿ ಭಾನುವಾರ ಹೆದ್ದಾರೀಲಿ ಜೀವ ಕೈಲಿ ಹಿಡ್ಕೊಂಡು ಹೋಗೋ ಬದ್ಲು ಒಂದೊಂದು ಊರಿನ ನಕಾಶೆ ಪ್ರಿಂಟ್ ತೆಗೆಸ್ಕೊಂಡು ಅದರಲ್ಲಿರೋ ಜೋಡಿ ಚುಕ್ಕೆ ಮೇಲೆ ತುಳಿದು ಬರೋಣ, ಎಲ್ಲಿ ಬದುಕಿದೆ, ಎಲ್ಲಿ ಮುಚ್ಚಿದೆ, ಬರೆದಿಟ್ಕೊಳ್ಳೋಣ. ಬ್ರಿಟನಿಯೋರು ಎಲ್ಲಾ ಕೆಡವಿ ಆದ್ಮೇಲೆ ಪಟ್ಟಿ ಮಾಡಿದ್ರು, ನಾವು ಮುಂಚೆನೇ ಮಾಡೋಣ.

ಸೈಕಲ್ ಯಾವ್ದಿರ್ಬೇಕು ಅಂತ ಮತ್ತೆ ಮತ್ತೆ ಕೇಳ್ತೀರ. 35 ಎಂಎಂಗಿಂತ ಅಗಲದ ಟೈರ್ ಹಿಡಿಯೋ ಯಾವುದಾದ್ರೂ ಸರಿ, ಹಳೇ ಎಂಟಿಬಿ, ಅಂದ್ರೆ ಮೌಂಟೇನ್ ಬೈಕ್ ಇದ್ರೆ ಅದೇ ತನ್ನಿ. ಗಾಳಿ ಜಾಸ್ತಿ ಹೊಡೀಬೇಡಿ, ನನ್ನ 75 ಕೆ.ಜಿ. ಮೈಗೆ 40 ಎಂಎಂ ಟೈರಿಗೆ ಮುಂದೆ 30, ಹಿಂದೆ 34 ಪಿಎಸ್‌ಐ ಸಾಕು, ಕಲ್ಲು ಕುಟ್ಟಿದ ಹಂಗಾಗಲ್ಲ. ಬ್ರಿಟನೀಲಿ ಒಂದು ಪಂಕ್ಚರೂ ಆಗ್ಲಿಲ್ಲ, ಅಲ್ಲಿ ಜಾಲಿ ಇಲ್ಲ. ನಮ್ಮ ಕೆರೆ ಅಂಗಳದ ಜಾಲಿ ಮುಳ್ಳು ಬೆರಳುದ್ದ ಇರುತ್ತೆ, ಚಪ್ಪಲಿನೇ ದಾಟಿ ಪಾದಕ್ಕೆ ಹೋಗುತ್ತೆ, ಟೈರ್ ಯಾವ ಲೆಕ್ಕ. ಟ್ಯೂಬ್‌ಲೆಸ್ ಇದ್ರೆ ಟೈರೊಳಗೆ ತೂತು ಮುಚ್ಚೋಕೆ ಹಾಕಿರೋ ಸೀಲಂಟ್ ಒಣಗಿಲ್ಲ ತಾನೇ ಅಂತ ನೋಡ್ಕೊಂಡು ಬನ್ನಿ, ಟ್ಯೂಬ್ ಇದ್ರೆ ಎರಡು ಸ್ಪೇರ್ ತನ್ನಿ, ಮುಳ್ಳು ಕೀಳೋಕೆ ಒಂದು ಇಕ್ಕಳ ತನ್ನಿ. ಪಂಪ್ ನನ್ನ ಹತ್ರ ಇದೆ. ಈ ಭಾನುವಾರ ಬೆಳಿಗ್ಗೆ ಆರಕ್ಕೆ ಕೋಲಾರಮ್ಮ ಕೆರೆ ಹತ್ರ ಸೇರೋಣ, ಬಿಸಿಲು ಏರೋ ಮುಂಚೆ ವಾಪಸ್ಸು, ತಿಂಡಿ ಯಾರು ಕೊಡಿಸ್ತೀರ ಅಂತ ಶನಿವಾರ ರಾತ್ರಿ ಒಳಗೆ ಹೇಳಿ.